ವೇದಿಕೆ ಎಲ್ಲರದು

ಮಕ್ಕಳೇ, ನೀವು ರೇಡಿಯೋದಲ್ಲಿ ಹಾಡು ಕೇಳಿರುವಿರಿ. ಹಾಡುವವರ ಮುಖ ನಮಗೆ ಕಾಣುವುದಿಲ್ಲ. ಅವರು ಕಪ್ಪಗಿದ್ದಾರೋ ಬೆಳ್ಳಗಿದ್ದಾರೋ, ಬಡವರೋ ಶ್ರೀಮಂತರೋ ತಿಳಿಯುವುದಿಲ್ಲ. ತಿಳಿಯಬೇಕೆಂದು ನಮಗೆ ಅನಿಸುವುದೂ ಇಲ್ಲ. ದನಿ ಇಂಪಾಗಿದ್ದರೆ ಅವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಕೇಳುತ್ತಾಳೆ. ಹೊಲದಿಂದ ಬಂದ ಅಪ್ಪ ಕಟ್ಟೆಯ ಮೇಲೆ ಕುಳಿತು ತಲೆದೂಗುತ್ತಾನೆ. ಹಾಡು ಮುಗಿದ ಮೇಲೆ ‘ಎಷ್ಟು ಚೆನ್ನಾಗಿ ಹಾಡಿದರು!’ ಎನ್ನುತ್ತೇವೆ.

‘ಹಾಡಿಗೆ ಬಣ್ಣವಿಲ್ಲ, ಜಾತಿಯಿಲ್ಲ’ ಎಂದು ದೊಡ್ಡವರು ಹೇಳುವುದುಂಟು. ಆ ಮಾತು ನಿಜ. ಆದರೆ ಹಾಡುವವರು ನಿಲ್ಲುವ ಸಭಾಂಗಣಕ್ಕೆ ಬಾಗಿಲು ಇರುತ್ತದೆ. ಬಾಗಿಲಿಗೆ ಬೀಗ ಇರುತ್ತದೆ. ಬೀಗದ ಕೈ ಯಾರದೋ ಕೈಯಲ್ಲಿ ಇರುತ್ತದೆ. ಅವರು ಹಾಡು ಕೇಳುವ ಮೊದಲೇ ಹಾಡುವವರ ಮುಖ ನೋಡಿ ‘ಒಳಗೆ ಬರಬೇಡ’ ಎಂದರೆ ಏನು ಮಾಡುವುದು? ಹೀಗೆ ಅನ್ನಿಸಿಕೊಂಡ ಒಬ್ಬ ಮಹಾ ಗಾಯಕಿಯ ಕಥೆಯನ್ನು ಕೇಳಿರಿ. ಅವರ ಹೆಸರು ಮರಿಯನ್ ಆಂಡರ್ಸನ್. ಅವರು ಅಮೆರಿಕದವರು.

ಮೊದಲು ಆ ದೇಶದ ಸ್ವಲ್ಪ ಇತಿಹಾಸ ತಿಳಿಯೋಣ. ಹಿಂದೆ ಆಫ್ರಿಕಾ ಖಂಡದ ಲಕ್ಷಾಂತರ ಜನರನ್ನು ಬಲವಂತವಾಗಿ ಹಿಡಿದು, ಹಡಗುಗಳಲ್ಲಿ ತುಂಬಿ, ಅಮೆರಿಕ ಖಂಡಕ್ಕೆ ಒಯ್ದರು. ಅಲ್ಲಿ ಅವರನ್ನು ದನಕರುಗಳಂತೆ ಸಂತೆಯಲ್ಲಿ ಮಾರಿದರು. ಹತ್ತಿ, ತಂಬಾಕು ಬೆಳೆಯುವ ಹೊಲಗಳಲ್ಲಿ ಕೂಲಿ ಕೊಡದೆ ದುಡಿಸಿಕೊಂಡರು. ತಾಯಿಯನ್ನು ಒಬ್ಬನಿಗೆ, ಮಗುವನ್ನು ಇನ್ನೊಬ್ಬನಿಗೆ ಮಾರಿದ್ದೂ ಉಂಟು. ಅನೇಕ ಕಡೆ ಆ ಜನರಿಗೆ ಅಕ್ಷರ ಕಲಿಸುವುದೇ ಅಪರಾಧವಾಗಿತ್ತು. ಆದರೆ ಅವರ ಬಾಯಿಂದ ಹಾಡನ್ನು ಕಿತ್ತುಕೊಳ್ಳಲು ಯಾರಿಂದಲೂ ಆಗಲಿಲ್ಲ. ತಮ್ಮ ದುಃಖ, ದೇವರ ಮೇಲಿನ ನಂಬಿಕೆ, ಬಿಡುಗಡೆಯ ಆಸೆ ಎಲ್ಲವನ್ನೂ ಅವರು ಹಾಡು ಕಟ್ಟಿ ಹಾಡಿದರು. ಆ ಹಾಡುಗಳಿಗೆ ‘ಸ್ಪಿರಿಚುವಲ್’ ಎಂದು ಹೆಸರು. ನಮ್ಮ ಬೀಸುವ ಕಲ್ಲಿನ ಪದಗಳು ಅಜ್ಜಿಯಿಂದ ಅವ್ವನಿಗೆ, ಅವ್ವನಿಂದ ಮಗಳಿಗೆ ಬಂದ ಹಾಗೆ ಆ ಹಾಡುಗಳೂ ಪುಸ್ತಕವಿಲ್ಲದೆ ಬಾಯಿಂದ ಬಾಯಿಗೆ ಬಂದವು.

1865ರಲ್ಲಿ ಅಮೆರಿಕದ ಸಂವಿಧಾನಕ್ಕೆ ತಿದ್ದುಪಡಿ ಮಾಡಿ ಗುಲಾಮಗಿರಿಯನ್ನು ತೆಗೆದುಹಾಕಿದರು. ಕಾನೂನು ಬದಲಾಯಿತು. ಜನರ ಮನಸ್ಸು ಅಷ್ಟು ಬೇಗ ಬದಲಾಗಲಿಲ್ಲ. ಶಾಲೆ, ರೈಲು, ಹೋಟೆಲು, ನಾಟಕಶಾಲೆ ಹೀಗೆ ಅನೇಕ ಕಡೆ ಬಿಳಿಯರಿಗೆ ಒಂದು ಜಾಗ, ಕಪ್ಪು ಜನರಿಗೆ ಇನ್ನೊಂದು ಜಾಗ ಎಂಬ ಭೇದ ಉಳಿದೇ ಇತ್ತು.

ಇಂಥ ಕಾಲದಲ್ಲಿ, 1897ರ ಫೆಬ್ರವರಿ 27ರಂದು, ಫಿಲಡೆಲ್ಫಿಯಾ ಎಂಬ ನಗರದಲ್ಲಿ ಮರಿಯನ್ ಹುಟ್ಟಿದಳು. ಮೂವರು ಹೆಣ್ಣುಮಕ್ಕಳಲ್ಲಿ ಅವಳೇ ಹಿರಿಯವಳು. ತಂದೆ ಮಂಜುಗಡ್ಡೆ ಮತ್ತು ಕಲ್ಲಿದ್ದಲು ಮಾರುತ್ತಿದ್ದರು. ಮರಿಯನ್ ಆರು ವರ್ಷದವಳಾಗಿದ್ದಾಗಲೇ ಚರ್ಚಿನ ಮಕ್ಕಳ ಮೇಳದಲ್ಲಿ ಹಾಡತೊಡಗಿದಳು. ಅವಳಿಗೆ ಒಂದು ಪಿಟೀಲು ಬೇಕೆಂದು ಬಹಳ ಆಸೆಯಾಯಿತು. ಮನೆಯಲ್ಲಿ ಹಣವಿರಲಿಲ್ಲ. ಅವಳು ನೆರೆಹೊರೆಯವರ ಮನೆಯ ಮೆಟ್ಟಿಲು ತೊಳೆದು, ಚಿಲ್ಲರೆ ಕಾಸು ಕೂಡಿಸಿ, ಹಳೆಯದೊಂದು ಪಿಟೀಲು ಕೊಂಡಳು. ಅದು ಬಹಳ ದಿನ ಬಾಳಿಕೆ ಬರಲಿಲ್ಲ. ಹುಡುಗಿಯ ದನಿ ಮಾತ್ರ ದಿನದಿನಕ್ಕೆ ಬೆಳೆಯಿತು.

ಮರಿಯನ್‌ಗೆ ಹನ್ನೆರಡು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ತಾಯಿ ಮದುವೆಗೆ ಮೊದಲು ಶಿಕ್ಷಕಿಯಾಗಿದ್ದವರು. ಫಿಲಡೆಲ್ಫಿಯಾದಲ್ಲಿ ಅವರಿಗೆ ಆ ಕೆಲಸ ಸಿಗಲಿಲ್ಲ. ಅವರು ಬೇರೆಯವರ ಬಟ್ಟೆ ಒಗೆದು, ಅಂಗಡಿಯ ನೆಲ ಒರೆಸಿ ಮೂವರು ಮಕ್ಕಳನ್ನು ಸಾಕಿದರು. ಆ ಕಾಲದಲ್ಲಿ ಅಮೆರಿಕದ ಎಷ್ಟೋ ಕಪ್ಪು ಮಹಿಳೆಯರ ಬಾಳು ಹೀಗೆಯೇ ಇತ್ತು.

ಹಾಡನ್ನು ಶಾಸ್ತ್ರೀಯವಾಗಿ ಕಲಿಯಬೇಕೆಂದು ಮರಿಯನ್ ನಗರದ ಒಂದು ಸಂಗೀತ ಶಾಲೆಗೆ ಹೋದಳು. ಅರ್ಜಿ ಪಡೆಯಲು ಸಾಲಿನಲ್ಲಿ ನಿಂತಳು. ಅವಳ ಹಿಂದೆ ಬಂದವರಿಗೆಲ್ಲ ಅರ್ಜಿ ಸಿಕ್ಕಿತು. ಎಲ್ಲರೂ ಹೋದ ಮೇಲೆ, ಕಪ್ಪು ಜನರನ್ನು ಸೇರಿಸಿಕೊಳ್ಳುವುದಿಲ್ಲ ಎಂದು ಅಲ್ಲಿದ್ದ ಹುಡುಗಿ ಹೇಳಿದಳು. ಮರಿಯನ್‌ಳಿಗೆ ಹಾಡಲು ಬರುತ್ತದೆಯೇ ಎಂದು ಯಾರೂ ಕೇಳಲಿಲ್ಲ. ಅವಳು ಮರುಮಾತನಾಡದೆ ಮನೆಗೆ ಬಂದಳು.

ಆಗ ಅವಳ ಕೈ ಹಿಡಿದವರು ಯಾರು ಗೊತ್ತೇ? ಅವಳ ಚರ್ಚಿನ ಜನ. ಅವರಲ್ಲಿ ಹೆಚ್ಚಿನವರು ಮನೆಗೆಲಸ, ಕೂಲಿ ಕೆಲಸ ಮಾಡುವವರು. ಅವರು ತಮ್ಮ ಗಳಿಕೆಯಿಂದ ಅಷ್ಟಿಷ್ಟು ಕೊಟ್ಟು ಒಂದು ನಿಧಿ ಕೂಡಿಸಿದರು. ಆ ಹಣದಿಂದ ಮರಿಯನ್ ಒಳ್ಳೆಯ ಗುರುಗಳ ಬಳಿ ಕಲಿತಳು. 1925ರಲ್ಲಿ ನ್ಯೂಯಾರ್ಕಿನಲ್ಲಿ ಒಂದು ದೊಡ್ಡ ಸ್ಪರ್ಧೆ ನಡೆಯಿತು. ಸುಮಾರು 300 ಜನ ಅದರಲ್ಲಿ ಹಾಡಿದರು. ಗೆದ್ದವಳು ಮರಿಯನ್.

ಇಷ್ಟಾದರೂ ಅಮೆರಿಕದ ದೊಡ್ಡ ಸಭಾಂಗಣಗಳಲ್ಲಿ ಅವರಿಗೆ ಹೆಚ್ಚು ಅವಕಾಶ ಸಿಗಲಿಲ್ಲ. ಅವರು ಯುರೋಪಿಗೆ ಹೋದರು. ಅಲ್ಲಿ ಊರೂರಲ್ಲಿ ಜನ ಕಿಕ್ಕಿರಿದು ಬಂದು ಅವರ ಹಾಡು ಕೇಳಿದರು. 1935ರಲ್ಲಿ ಆಸ್ಟ್ರಿಯಾದ ಸಾಲ್ಜ್‌ಬರ್ಗ್ ಎಂಬಲ್ಲಿ ಅವರ ಹಾಡು ಕೇಳಿದ ಪ್ರಸಿದ್ಧ ಸಂಗೀತಗಾರ ಟೊಸ್ಕನಿನಿ, ಇಂಥ ದನಿ ನೂರು ವರ್ಷಕ್ಕೊಮ್ಮೆ ಮಾತ್ರ ಕೇಳಸಿಗುತ್ತದೆ ಎಂದು ಹೊಗಳಿದರು.

ಆ ದನಿ ತಾಯ್ನಾಡಿಗೆ ಹಿಂತಿರುಗಿತು. 1937ರಲ್ಲಿ ಪ್ರಿನ್ಸ್‌ಟನ್ ಎಂಬ ಊರಿನಲ್ಲಿ ಮರಿಯನ್ ಅವರ ಸಂಗೀತ ಕಛೇರಿ ನಡೆಯಿತು. ಸಭೆ ತುಂಬಿ ಹೋಗಿತ್ತು. ಆದರೆ ಆ ರಾತ್ರಿ ಉಳಿಯಲು ಹೋಟೆಲಿನಲ್ಲಿ ಅವರಿಗೆ ಕೋಣೆ ಕೊಡಲಿಲ್ಲ. ವಿಜ್ಞಾನಿ ಆಲ್ಬರ್ಟ್ ಐನ್‌ಸ್ಟೈನ್ ಅವರನ್ನು ತಮ್ಮ ಮನೆಗೆ ಕರೆದು ಉಪಚರಿಸಿದರು. ನೋಡಿರಿ, ಹಾಡು ಬೇಕು, ಹಾಡಿದವರು ಬೇಡ! ಇದು ಎಂಥ ನ್ಯಾಯ?

ಈಗ 1939ಕ್ಕೆ ಬರೋಣ. ಅಮೆರಿಕದ ರಾಜಧಾನಿ ವಾಷಿಂಗ್ಟನ್. ಅಲ್ಲಿಯ ಹೊವಾರ್ಡ್ ವಿಶ್ವವಿದ್ಯಾಲಯವು ಮರಿಯನ್ ಅವರ ಕಛೇರಿ ಏರ್ಪಡಿಸಲು ಬಯಸಿತು. ನಗರದ ಅತಿ ದೊಡ್ಡ ಸಭಾಂಗಣ ‘ಕಾನ್‌ಸ್ಟಿಟ್ಯೂಷನ್ ಹಾಲ್’. ಅದರಲ್ಲಿ ಸುಮಾರು 4,000 ಜನ ಕೂರಬಹುದಿತ್ತು. ಅದು ಒಂದು ಮಹಿಳಾ ಸಂಘಕ್ಕೆ ಸೇರಿತ್ತು. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರ ವಂಶದ ಹೆಣ್ಣುಮಕ್ಕಳ ಸಂಘ ಅದು. ಅವರು ಸಭಾಂಗಣ ಕೊಡಲು ಒಪ್ಪಲಿಲ್ಲ. ಬಿಳಿಯ ಕಲಾವಿದರಿಗೆ ಮಾತ್ರ ಅಲ್ಲಿ ಅವಕಾಶವೆಂಬ ನಿಯಮವಿತ್ತು. ಬಿಳಿಯ ಮಕ್ಕಳ ಒಂದು ಪ್ರೌಢಶಾಲೆಯ ಸಭಾಂಗಣವನ್ನು ಕೇಳಿದರು. ಅಲ್ಲಿಯೂ ತಕರಾರು ಬಂತು.

ಈ ಸುದ್ದಿ ಪತ್ರಿಕೆಗಳಲ್ಲಿ ಬಂದು ದೇಶವೆಲ್ಲ ಹಬ್ಬಿತು. ಆಗ ಅಮೆರಿಕದ ಅಧ್ಯಕ್ಷರಾಗಿದ್ದವರು ಫ್ರಾಂಕ್ಲಿನ್ ರೂಸ್‌ವೆಲ್ಟ್. ಅವರ ಪತ್ನಿ ಎಲಿನಾರ್ ರೂಸ್‌ವೆಲ್ಟ್ ಆ ಮಹಿಳಾ ಸಂಘದ ಸದಸ್ಯರಾಗಿದ್ದರು. ಅವರು ಸುಮ್ಮನೆ ಕೂರಲಿಲ್ಲ. ಸಂಘಕ್ಕೆ ರಾಜೀನಾಮೆ ಕೊಟ್ಟರು. ಅದನ್ನು ಪತ್ರಿಕೆಯ ತಮ್ಮ ಅಂಕಣದಲ್ಲಿಯೂ ತಿಳಿಸಿದರು. ಸಭಾಂಗಣ ಇಲ್ಲದಿದ್ದರೆ ಬಯಲಿನಲ್ಲಿಯೇ ಕಛೇರಿ ಮಾಡೋಣ ಎಂದು ಕೆಲವರು ಯೋಚಿಸಿದರು. ಸರಕಾರ ಅದಕ್ಕೆ ಒಪ್ಪಿಗೆ ಕೊಟ್ಟಿತು. ಜಾಗ ಯಾವುದು? ಗುಲಾಮರ ಬಿಡುಗಡೆಗೆ ಆಜ್ಞೆ ಹೊರಡಿಸಿದ ಅಬ್ರಹಾಂ ಲಿಂಕನ್ ಅವರ ಸ್ಮಾರಕದ ಮೆಟ್ಟಿಲು!

1939ರ ಏಪ್ರಿಲ್ 9. ಅಂದು ಈಸ್ಟರ್ ಹಬ್ಬದ ಭಾನುವಾರ. ಚಳಿ ಇನ್ನೂ ಹೋಗಿರಲಿಲ್ಲ. ಸುಮಾರು 75,000 ಜನ ಸ್ಮಾರಕದ ಮುಂದೆ ಸೇರಿದರು. ಕಪ್ಪು ಜನ, ಬಿಳಿಯ ಜನ, ದೊಡ್ಡವರು, ಚಿಕ್ಕವರು ಎಲ್ಲರೂ ಒಟ್ಟಿಗೆ ನಿಂತಿದ್ದರು. ಲಿಂಕನ್ ಅವರ ದೊಡ್ಡ ಕಲ್ಲಿನ ಮೂರ್ತಿ ಹಿಂದೆ. ಜನಸಾಗರ ಮುಂದೆ. ನಡುವೆ ಮೈಕುಗಳ ಸಾಲಿನ ಮುಂದೆ ಮರಿಯನ್ ನಿಂತರು. ಅವರು ಮೊದಲು ಹಾಡಿದ್ದು ದೇಶಭಕ್ತಿಯ ಹಾಡು. ಆ ಹಾಡಿನ ಒಂದು ಕಡೆ ‘ನಾನು’ ಎಂಬ ಪದ ಬರುತ್ತದೆ. ಮರಿಯನ್ ಅದನ್ನು ಬದಲಿಸಿ ‘ನಾವು’ ಎಂದು ಹಾಡಿದರು. ‘ಈ ದೇಶ ನಮ್ಮೆಲ್ಲರದು’ ಎಂದು ಸಾರಲು ಆ ಒಂದು ಪದವೇ ಸಾಕಾಯಿತು. ಕಛೇರಿಯ ಕೊನೆಯ ಭಾಗದಲ್ಲಿ ಗುಲಾಮರಾಗಿದ್ದ ತಮ್ಮ ಹಿರಿಯರ ಸ್ಪಿರಿಚುವಲ್ ಹಾಡುಗಳನ್ನು ಹಾಡಿದರು. ಸಂತೆಯಲ್ಲಿ ಮಾರಾಟವಾದವರ ಹಾಡು ಅಂದು ರಾಜಧಾನಿಯ ನಡುವೆ ಮೊಳಗಿತು. ರೇಡಿಯೋ ಅದನ್ನು ದೇಶದ ಮೂಲೆಮೂಲೆಗೆ ಒಯ್ದಿತು. ಲಕ್ಷಾಂತರ ಜನ ಮನೆಯಲ್ಲಿ ಕುಳಿತೇ ಕೇಳಿದರು.

ಮಕ್ಕಳೇ, ಈ ಕಥೆಯನ್ನು ಕೇಳಿದ ಕೆಲವರು, ‘ಸಭಾಂಗಣ ಕೊಡದೇ ಇದ್ದದ್ದೇ ಒಳ್ಳೆಯದಾಯಿತು. ಅದರಿಂದಲೇ ಅವರಿಗೆ ಅಷ್ಟು ದೊಡ್ಡ ವೇದಿಕೆ ಸಿಕ್ಕಿತು’ ಎನ್ನುತ್ತಾರೆ. ನಾನು ಈ ಮಾತನ್ನು ಒಪ್ಪುವುದಿಲ್ಲ. ನೀವೂ ಯೋಚಿಸಿರಿ. ಮರಿಯನ್ ಅವರ ಹೆಸರು ಆಗಲೇ ಲೋಕಪ್ರಸಿದ್ಧವಾಗಿತ್ತು. ಅದಕ್ಕಾಗಿ ಪತ್ರಿಕೆಗಳು ಬರೆದವು, ಅಧ್ಯಕ್ಷರ ಪತ್ನಿ ಮಾತನಾಡಿದರು, ಸರಕಾರ ಜಾಗ ಕೊಟ್ಟಿತು. ಹೆಸರಿಲ್ಲದ ಹುಡುಗಿಯೊಬ್ಬಳನ್ನು ಬಾಗಿಲಿನಿಂದಲೇ ಕಳುಹಿಸಿದರೆ ಅವಳಿಗಾಗಿ ಯಾರು ಬರೆಯುತ್ತಾರೆ? ಸಂಗೀತ ಶಾಲೆಯ ಸಾಲಿನಿಂದ ಮರಿಯನ್ ಹಿಂತಿರುಗಿದಾಗ ಯಾವ ಪತ್ರಿಕೆಯೂ ಬರೆಯಲಿಲ್ಲ. ಅವಳ ಹಾಗೆಯೇ ಹಿಂತಿರುಗಿ, ಬಟ್ಟೆ ಒಗೆಯುತ್ತ, ನೆಲ ಒರೆಸುತ್ತ ಬಾಳು ಕಳೆದ ಹೆಣ್ಣುಮಕ್ಕಳು ಎಷ್ಟು ಜನರೋ! ಅವರಲ್ಲಿ ಎಂಥೆಂಥ ದನಿಗಳು ಇದ್ದವೋ! ಆ ಹಾಡುಗಳು ನಮಗೆ ಇನ್ನೆಂದೂ ಕೇಳಸಿಗುವುದಿಲ್ಲ. ತಪ್ಪು ತಪ್ಪೇ. ತಪ್ಪಿನ ನಂತರ ಒಳ್ಳೆಯದು ನಡೆದರೆ ಅದನ್ನು ಮಾಡಿದ ಜನರನ್ನು ಮೆಚ್ಚಬೇಕು. ತಪ್ಪನ್ನು ಮೆಚ್ಚಬಾರದು.

ಇನ್ನೊಂದು ಮಾತು. ಒಂದು ದಿನ ಚಪ್ಪಾಳೆ ತಟ್ಟಿದರೆ ಅನ್ಯಾಯ ಮುಗಿಯುವುದಿಲ್ಲ. 1944ರಲ್ಲಿ 15 ವರ್ಷದ ಒಬ್ಬ ಕಪ್ಪು ಹುಡುಗ ಭಾಷಣ ಸ್ಪರ್ಧೆಯಲ್ಲಿ ಇದನ್ನೇ ಹೇಳಿದ. ಮರಿಯನ್ ಅವರ ಹಾಡನ್ನು ದೇಶ ಕೊಂಡಾಡುತ್ತದೆ, ಆದರೆ ಒಳ್ಳೆಯ ಹೋಟೆಲಿನಲ್ಲಿ ಒಂದು ರಾತ್ರಿ ತಂಗಲು ಅವರಿಗೆ ಬಿಡುವುದಿಲ್ಲ ಎಂಬುದು ಅವನ ಮಾತಿನ ಸಾರ. ಸ್ಪರ್ಧೆ ಮುಗಿಸಿ ಬಸ್ಸಿನಲ್ಲಿ ಮರಳುವಾಗ, ಬಿಳಿಯ ಪ್ರಯಾಣಿಕರಿಗಾಗಿ ಆ ಹುಡುಗ ಮತ್ತು ಅವನ ಶಿಕ್ಷಕಿ ಸೀಟು ಬಿಟ್ಟು ಎದ್ದು ನಿಲ್ಲಬೇಕಾಯಿತು. ಆ ಹುಡುಗನೇ ಮುಂದೆ ಸಮಾನತೆಗಾಗಿ ಹೋರಾಡಿದ ಮಾರ್ಟಿನ್ ಲೂಥರ್ ಕಿಂಗ್.

ಬಾಗಿಲುಗಳು ಒಂದೊಂದಾಗಿ ತೆರೆದವು. ಆದರೆ ಬಹಳ ತಡವಾಗಿ ತೆರೆದವು. ಹಿಂದೆ ಬೇಡವೆಂದಿದ್ದ ಕಾನ್‌ಸ್ಟಿಟ್ಯೂಷನ್ ಹಾಲ್‌ನಲ್ಲಿಯೇ 1943ರಲ್ಲಿ ಮರಿಯನ್ ಹಾಡಿದರು. ನ್ಯೂಯಾರ್ಕಿನಲ್ಲಿ ಮೆಟ್ರೊಪಾಲಿಟನ್ ಒಪೆರಾ ಎಂಬ ಹೆಸರಾಂತ ಸಂಸ್ಥೆಯಿದೆ. ಒಪೆರಾ ಎಂದರೆ ಹಾಡಿನಲ್ಲಿಯೇ ನಡೆಯುವ ನಾಟಕ. ನಮ್ಮ ಶ್ರೀಕೃಷ್ಣ ಪಾರಿಜಾತದಲ್ಲಿ ಪಾತ್ರಗಳು ಹಾಡುತ್ತ ಕಥೆ ನಡೆಸುವುದನ್ನು ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. ಆ ಸಂಸ್ಥೆ ಶುರುವಾಗಿ 70 ವರ್ಷ ಕಳೆದಿದ್ದರೂ ಕಪ್ಪು ಜನರೊಬ್ಬರು ಅಲ್ಲಿ ಮುಖ್ಯ ಗಾಯಕರಾಗಿ ಹಾಡಿರಲಿಲ್ಲ. 1955ರ ಜನವರಿ 7ರಂದು ಮರಿಯನ್ ಅಲ್ಲಿ ಕಣಿ ಹೇಳುವ ಹೆಂಗಸಿನ ಪಾತ್ರದಲ್ಲಿ ಹಾಡಿದರು. ಅವರು ಬಾಯಿ ತೆರೆಯುವ ಮೊದಲೇ ಸಭೆ ಚಪ್ಪಾಳೆಯಿಂದ ತುಂಬಿತು. ಆಗ ಅವರ ವಯಸ್ಸು 57. ಯೌವನದ ದನಿಯಲ್ಲಿ ಅವರು ಅಲ್ಲಿ ಹಾಡಲಿಲ್ಲವೆಂಬ ನಷ್ಟವನ್ನು ಯಾರು ತುಂಬಿಕೊಡಬಲ್ಲರು?

ಆದರೆ ಒಬ್ಬರಿಗಾಗಿ ತೆರೆದ ಬಾಗಿಲು ಹಿಂದೆ ಬರುವವರಿಗೂ ದಾರಿಯಾಗುತ್ತದೆ. 1936ರಲ್ಲಿ ಮಿಸಿಸಿಪ್ಪಿ ಎಂಬ ರಾಜ್ಯದಲ್ಲಿ ಮರಿಯನ್ ಹಾಡಿದಾಗ ಒಬ್ಬ ತಾಯಿ ತನ್ನ ಒಂಬತ್ತು ವರ್ಷದ ಮಗಳನ್ನು ಕರೆದುಕೊಂಡು ಬಂದಿದ್ದಳು. ತನ್ನಂತೆಯೇ ಕಪ್ಪಗಿರುವ ಹೆಣ್ಣುಮಗಳೊಬ್ಬಳು ವೇದಿಕೆಯ ಮೇಲೆ ರಾಣಿಯಂತೆ ನಿಂತು ಹಾಡುವುದನ್ನು ಆ ಹುಡುಗಿ ಕಣ್ಣಾರೆ ಕಂಡಳು. ಅವಳ ಹೆಸರು ಲಿಯಾಂಟೀನ್ ಪ್ರೈಸ್. 1961ರಲ್ಲಿ ಅವಳೂ ಮೆಟ್ರೊಪಾಲಿಟನ್ ಒಪೆರಾದಲ್ಲಿ ಹಾಡಿದಳು. ಮುಂದೆ ವಿಶ್ವದ ಶ್ರೇಷ್ಠ ಗಾಯಕಿಯರಲ್ಲಿ ಒಬ್ಬರಾದರು. ವೇದಿಕೆಯ ಮೇಲೆ, ರೇಡಿಯೋದಲ್ಲಿ, ಟಿ.ವಿ.ಯಲ್ಲಿ ಯಾರು ಕಾಣಬೇಕು, ಯಾರು ಕೇಳಬೇಕು ಎಂಬುದು ಸಣ್ಣ ವಿಷಯವಲ್ಲ ಎಂದು ನಾನು ಹೇಳುವುದು ಇದಕ್ಕಾಗಿಯೇ. ಅಲ್ಲಿ ತನ್ನಂಥವರನ್ನು ಕಂಡ ಮಗು ‘ನಾನೂ ಆಗಬಲ್ಲೆ’ ಎಂದುಕೊಳ್ಳುತ್ತದೆ. ಒಮ್ಮೆಯೂ ಕಾಣದ ಮಗು ‘ಇದು ನನಗಲ್ಲ’ ಎಂದು ಸುಮ್ಮನಾಗುತ್ತದೆ.

ಮರಿಯನ್ ನಮ್ಮ ದೇಶಕ್ಕೂ ಬಂದಿದ್ದರು. 1957ರಲ್ಲಿ ಏಷ್ಯಾ ಖಂಡದ ಅನೇಕ ದೇಶಗಳನ್ನು ಸುತ್ತಿದಾಗ ಅವರು ದೆಹಲಿಯ ಗಾಂಧಿ ಸ್ಮಾರಕಕ್ಕೆ ಹೋದರು. ಗಾಂಧೀಜಿಗೆ ಪ್ರಿಯವಾಗಿದ್ದ ಒಂದು ಇಂಗ್ಲಿಷ್ ಪ್ರಾರ್ಥನೆಯನ್ನು ಅಲ್ಲಿ ಹಾಡಿದರು. ಆ ಪ್ರಾರ್ಥನೆ ನಿಮಗೂ ಗೊತ್ತಿರಬಹುದು! ಬಿ. ಎಂ. ಶ್ರೀಕಂಠಯ್ಯನವರು ಅದನ್ನು ‘ಕರುಣಾಳು, ಬಾ, ಬೆಳಕೆ’ ಎಂದು ಕನ್ನಡಕ್ಕೆ ತಂದಿದ್ದಾರೆ. ಎಷ್ಟೋ ಕನ್ನಡ ಶಾಲೆಗಳಲ್ಲಿ ಅದನ್ನು ಬೆಳಗಿನ ಪ್ರಾರ್ಥನೆಯಲ್ಲಿ ಹಾಡುತ್ತಾರೆ. ಮರಿಯನ್ ಅವರ ಆ ಪ್ರವಾಸದ ಚಿತ್ರವನ್ನು ಅದೇ ವರ್ಷ ಅಮೆರಿಕದ ಟಿ.ವಿ.ಯಲ್ಲಿ ತೋರಿಸಿದರು.

1963ರ ಆಗಸ್ಟ್ 28ರಂದು ಕಪ್ಪು ಜನರ ಹಕ್ಕುಗಳಿಗಾಗಿ ಎರಡು ಲಕ್ಷಕ್ಕೂ ಹೆಚ್ಚು ಜನ ಅದೇ ಲಿಂಕನ್ ಸ್ಮಾರಕದ ಮುಂದೆ ಸೇರಿದರು. ಅಂದು ಮರಿಯನ್ ಮತ್ತೆ ಹಾಡಿದರು. ಮಹೇಲಿಯಾ ಜಾಕ್ಸನ್ ಎಂಬ ಇನ್ನೊಬ್ಬ ಕಪ್ಪು ಗಾಯಕಿಯೂ ಹಾಡಿದರು. ಬಸ್ಸಿನಲ್ಲಿ ನಿಂತು ಬಂದಿದ್ದ ಆ ಹುಡುಗ, ಮಾರ್ಟಿನ್ ಲೂಥರ್ ಕಿಂಗ್, ಅಂದು ಅಲ್ಲಿ ತಮ್ಮ ಕನಸಿನ ಬಗ್ಗೆ ಮಾತನಾಡಿದರು. ಮರುವರ್ಷ, 1964ರಲ್ಲಿ, ಹೋಟೆಲು, ನಾಟಕಶಾಲೆ ಮುಂತಾದ ಕಡೆ ಬಣ್ಣದ ಭೇದ ಮಾಡಬಾರದೆಂದು ಅಮೆರಿಕದಲ್ಲಿ ಕಾನೂನು ಬಂತು. ಮರಿಯನ್ 1993ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ತೀರಿಕೊಂಡರು.

ಮಕ್ಕಳೇ, ಇದು ದೂರದ ದೇಶದ ಕಥೆ. ಆದರೆ ನಮ್ಮ ಶಾಲೆಯನ್ನೂ ಒಮ್ಮೆ ನೋಡೋಣ. ವಾರ್ಷಿಕೋತ್ಸವದ ನಾಟಕದಲ್ಲಿ ರಾಜಕುಮಾರಿಯ ಪಾತ್ರ ಯಾರಿಗೆ ಕೊಡುತ್ತೇವೆ? ‘ಅವಳು ಬೆಳ್ಳಗಿದ್ದಾಳೆ, ಅವಳೇ ಆಗಲಿ’ ಎನ್ನುವುದಿಲ್ಲವೇ? ಕಪ್ಪಗಿರುವ ಗೆಳತಿಗೆ ‘ನೀನು ರಾಕ್ಷಸಿ ಆಗು’ ಎಂದು ನಗುವುದಿಲ್ಲವೇ? ಅವಳಿಗೆ ಮಾತು ಚೆನ್ನಾಗಿ ಬರುತ್ತದೆಯೇ, ಹಾಡು ಬರುತ್ತದೆಯೇ ಎಂದು ಕೇಳಿದೆವೇ? ಒಳ್ಳೆಯ ಬಟ್ಟೆ ಇಲ್ಲದ ಹುಡುಗನನ್ನು ಸಾಲಿನ ಹಿಂದೆ ನಿಲ್ಲಿಸುವುದು, ಬೇರೆ ಭಾಷೆಯ ಮನೆಯಿಂದ ಬಂದವನ ಉಚ್ಚಾರ ಕೇಳಿ ನಗುವುದು, ಇವೂ ಬಾಗಿಲು ಮುಚ್ಚುವ ಕೆಲಸಗಳೇ. ಹಿಂದೆ ನಿಂತ ಆ ಮಗುವಿನ ನೋವು ಮರಿಯನ್‌ಳ ನೋವಿಗಿಂತ ಬೇರೆಯಲ್ಲ.

ಹಾಗಾದರೆ ನಾವು ಮಾಡಬೇಕಾದದ್ದೇನು? ದೊಡ್ಡ ಕೆಲಸವೇನೂ ಅಲ್ಲ. ಮೊದಲು ಕೇಳಬೇಕು, ಆಮೇಲೆ ಆರಿಸಬೇಕು. ಯಾರನ್ನಾದರೂ ಹೊರಗೆ ಇಟ್ಟಾಗ ಎಲಿನಾರ್ ಅವರಂತೆ ‘ಇದು ಸರಿಯಲ್ಲ’ ಎಂದು ಎದ್ದು ನಿಲ್ಲಬೇಕು. ಚರ್ಚಿನ ಆ ಬಡ ಜನರಂತೆ ನಮ್ಮ ಕೈಲಾದಷ್ಟು ನೆರವಾಗಬೇಕು. ನಮಗೆ ಅವಕಾಶ ಸಿಕ್ಕಾಗ ಮರಿಯನ್ ಅವರಂತೆ ‘ನಾನು’ ಎನ್ನುವ ಬದಲು ‘ನಾವು’ ಎನ್ನಬೇಕು.

ನಾಳೆ ನಿಮ್ಮ ತರಗತಿಯಲ್ಲಿ ಹಾಡಿನ ಹೊತ್ತು ಬಂದಾಗ ಕೊನೆಯ ಸಾಲಿನಲ್ಲಿ ತಲೆ ತಗ್ಗಿಸಿ ಕುಳಿತವರನ್ನು ಒಮ್ಮೆ ನೋಡಿರಿ. ‘ಬಾ, ನೀನೂ ಹಾಡು’ ಎಂದು ಕರೆಯಿರಿ.

ಶಬ್ದಾರ್ಥಗಳು

ಗುಲಾಮಗಿರಿ – ಮನುಷ್ಯರನ್ನು ಕೊಂಡು ಮಾರಿ ದುಡಿಸಿಕೊಳ್ಳುವ ಪದ್ಧತಿ
ಮೇಳ – ಒಟ್ಟಾಗಿ ಹಾಡುವವರ ಗುಂಪು
ಕಛೇರಿ – (ಇಲ್ಲಿ) ಸಂಗೀತದ ಕಾರ್ಯಕ್ರಮ
ತಕರಾರು – ಅಡ್ಡಿ, ಆಕ್ಷೇಪ
ಕಣಿ – ಮುಂದೆ ಆಗುವುದನ್ನು ಹೇಳುವ ಮಾತು
ಸ್ಮಾರಕ – ನೆನಪಿಗಾಗಿ ಕಟ್ಟಿದ ಕಟ್ಟಡ

ಅಭ್ಯಾಸ

ಅ) ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ಮರಿಯನ್ ಪಿಟೀಲು ಕೊಳ್ಳಲು ಹಣವನ್ನು ಹೇಗೆ ಕೂಡಿಸಿದಳು?
2. ಎಲಿನಾರ್ ರೂಸ್‌ವೆಲ್ಟ್ ಅವರು ಮಹಿಳಾ ಸಂಘಕ್ಕೆ ರಾಜೀನಾಮೆ ಕೊಟ್ಟದ್ದು ಏಕೆ?
3. ಲಿಯಾಂಟೀನ್ ಪ್ರೈಸ್ ಮರಿಯನ್ ಅವರ ಹಾಡು ಕೇಳಿದಾಗ ಅವಳ ವಯಸ್ಸು ಎಷ್ಟು?

ಆ) ಯೋಚಿಸಿ ಬರೆಯಿರಿ.
1. ‘ನಾನು’ ಎಂಬ ಪದವನ್ನು ‘ನಾವು’ ಎಂದು ಬದಲಿಸಿದ್ದರಿಂದ ಹಾಡಿನ ಅರ್ಥ ಹೇಗೆ ಬದಲಾಯಿತು?
2. ‘ಸಭಾಂಗಣ ಕೊಡದೇ ಇದ್ದದ್ದೇ ಒಳ್ಳೆಯದಾಯಿತು’ ಎಂಬ ಮಾತನ್ನು ಲೇಖಕರು ಏಕೆ ಒಪ್ಪುವುದಿಲ್ಲ? ನಿಮ್ಮ ಅಭಿಪ್ರಾಯವೇನು?

ಇ) ಉಪಕ್ರಮ
ನಿಮ್ಮ ಅಜ್ಜಿಯಿಂದ ಅಥವಾ ಅವ್ವನಿಂದ ಒಂದು ಹಳೆಯ ಹಾಡನ್ನು ಕೇಳಿ ಬರೆದುಕೊಳ್ಳಿರಿ. ಅದನ್ನು ಅವರಿಗೆ ಯಾರು ಕಲಿಸಿದರು ಎಂದು ತಿಳಿದುಕೊಳ್ಳಿರಿ. ತರಗತಿಯಲ್ಲಿ ಎಲ್ಲರೂ ಸೇರಿ ಹಾಡಿರಿ.